ಹೆಸರು ಕೇಳಿದ ಮೇಲೆ ಏನು ಕೇಳುವುದು?

ಚಿತ್ರದುರ್ಗಕ್ಕೆ ವರ್ಗವಾದ ಹೊಸತರಲ್ಲಿ ನನ್ನ ಮಾತೆಲ್ಲ ಹೆಸರು, ಊರು ಕೇಳುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಆಮೇಲೆ ಇಬ್ಬರೂ ಫ್ಯಾನ್ ನೋಡುತ್ತ ಕೂರುವುದು. ಒಂದು ದಿನ ಸಹೋದ್ಯೋಗಿಯೊಬ್ಬರು ‘ತಿಪ್ಪೇಸ್ವಾಮಿ’ ಎಂದಾಗ, “ನಾಯಕನಹಟ್ಟಿ ದೇವರ ಒಕ್ಕಲೇ?” ಎಂಬ ಮಾತು ತಾನಾಗಿ ಬಾಯಿಗೆ ಬಂತು. ಅಷ್ಟೇ! ತಿಪ್ಪೇರುದ್ರಸ್ವಾಮಿಯ ಜಾತ್ರೆ, ತೇರು, ಅಜ್ಜಿ ಹೊತ್ತ ಹರಕೆ... ಚಹಾ ಆರಿದರೂ ಮಾತು ಆರಲಿಲ್ಲ.

ನನಗೆ ಕೋಡು ಮೂಡಿತು. ಹುಲಿಗೆಮ್ಮ ಎಂದರೆ ಹುಲಿಗಿಯ ದೇವಿ, ಮೈಲಾರಪ್ಪ ಎಂದರೆ ಮೈಲಾರದ ಜಾತ್ರೆಯಲ್ಲಿ ನುಡಿಯುವ ಭವಿಷ್ಯವಾಣಿಯಾದ ಕಾರಣಿಕ, ಹೀಗೆ ಹೆಸರು ಕೇಳಿದೊಡನೆ ಮಾತು ತೆಗೆಯುತ್ತಿದ್ದೆ. ಎಡವಿದ್ದು ಸಾಕಮ್ಮ ಎಂಬ ಹಿರಿಯರ ಮುಂದೆ. “ಹೆಣ್ಣು ಸಾಕು ಎಂದು ಇಟ್ಟ ಹೆಸರಲ್ಲವೇ?” ಎಂದುಬಿಟ್ಟೆ. ಅವರು ಸೆರಗು ಸರಿಪಡಿಸಿಕೊಂಡು ಎದ್ದು ಹೋದರು.

ಅಂದಿನಿಂದ ಅರ್ಥವನ್ನು ನಾನು ಹೇಳುವುದಿಲ್ಲ, “ಈ ಹೆಸರು ಇಟ್ಟವರು ಯಾರು?” ಎಂದಷ್ಟೇ ಕೇಳುತ್ತೇನೆ. ತಿಪ್ಪ, ಗುಂಡ, ಕಲ್ಲ ಎಂಬ ಹೆಸರುಗಳನ್ನು ಮಕ್ಕಳು ಉಳಿಯದ ಮನೆಗಳಲ್ಲಿ ದೃಷ್ಟಿ ತಾಗದಿರಲೆಂದೂ ಇಡುತ್ತಿದ್ದರು. ಆ ಕಥೆ ಹೇಳುವುದೂ ಬಿಡುವುದೂ ಹೆಸರು ಹೊತ್ತವರಿಗೆ ಸೇರಿದ್ದು.

ವಾರದ ಬಳಿಕ ಸಾಕಮ್ಮನವರನ್ನೂ ಹಾಗೆಯೇ ಕೇಳಿದೆ. “ಅದು ನಮ್ಮ ಅಜ್ಜಿಯ ಹೆಸರು. ಮನೆಗೆ ನಾನೇ ಮೊದಲ ಮಗು, ಸಾಕಾಗುವುದೆಲ್ಲಿಂದ ಬಂತು!” ಎಂದು ನಕ್ಕರು.