ಲಾಗಿನ್ ಆದ ಮೇಲೆ ಬಿಲ್ ಪುಟಕ್ಕೇ ವಾಪಸ್: ಚೀಟಿ ಕೊಟ್ಟು ಗೆದ್ದ ಕಥೆ

ಲಾಗಿನ್ ಆದವರನ್ನು ಅವರು ಒತ್ತಿದ ಲಿಂಕಿನ ಪುಟಕ್ಕೇ ವಾಪಸ್ ಕಳಿಸೋಣ ಎಂದಾಗ "ಹೋಮ್ ಪೇಜಿಗೆ ಬಿಟ್ರೆ ಸಾಕು ಸರ್, ಅಲ್ಲಿಂದ ಅವರೇ ಹುಡುಕ್ಕೋತಾರೆ" ಎಂದಿದ್ದ ನನ್ನ ಜೊತೆ ಕೆಲಸ ಮಾಡುವ ಹುಡುಗ. ಸಂಘದ ಕಾರ್ಯದರ್ಶಿಯವರು "ಇದಕ್ಕೂ ಬೇರೆ ದುಡ್ಡಾ?" ಎಂದಿದ್ದರು. ಈಗ ಏಳೆಂಟು ತಿಂಗಳಿಂದ ಈ ವಿಷಯಕ್ಕೆ ಒಂದು ಫೋನೂ ಬಂದಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಸಂಘ ಅಂದರೆ ಶಿವಮೊಗ್ಗ ಕಡೆಯ ಒಂದು ಅಡಿಕೆ ಸಹಕಾರ ಸಂಘ. ಅವರ ಸೈಟು ಹಳೇ ಪಿಎಚ್‌ಪಿ ಭಾಷೆಯಲ್ಲಿ ಬರೆದದ್ದು, ಫ್ರೇಮ್‌ವರ್ಕ್ (ಸಿದ್ಧ ಕೋಡಿನ ಚೌಕಟ್ಟು) ಇಲ್ಲ. ಲಾರವೆಲ್ ಅನ್ನೋ ಫ್ರೇಮ್‌ವರ್ಕ್‌ನಲ್ಲಿ 'ಇಂಟೆಂಡೆಡ್' ಅಂತ ಒಂದು ಸಾಲು ಬರೆದರೆ ಮುಗೀತಲ್ವಾ ಅನ್ನಬೇಡಿ. ಅದೂ ಸೆಷನ್‌ನಲ್ಲಿ (ಬಂದವರ ಬಗ್ಗೆ ಸರ್ವರ್ ಇಟ್ಟುಕೊಳ್ಳುವ ನೆನಪಿನಲ್ಲಿ) ಒಂದೇ ವಿಳಾಸ ಇಟ್ಟುಕೊಳ್ಳುತ್ತೆ. ಎರಡು ಟ್ಯಾಬ್ ತೆರೆದರೆ ಎರಡನೆಯದರ ವಿಳಾಸ ಮೊದಲನೆಯದನ್ನು ಅಳಿಸುತ್ತೆ.

ಮಾಲು ಮಾರಾಟವಾದ ಕೂಡಲೇ ಸದಸ್ಯರ ಫೋನಿಗೆ ಬಿಲ್ಲಿನ ಲಿಂಕ್ ಹೋಗುತ್ತೆ. ಒತ್ತಿದರೆ ಮೊಬೈಲ್ ನಂಬರ್, ಒಟಿಪಿ, ಆಮೇಲೆ ಹೋಮ್ ಪೇಜ್. ಬಿಲ್ ಎಲ್ಲಿ? ಕೆಲವರು ಲಾಗ್‌ಔಟ್ ಮಾಡಿ ಮತ್ತೆ ಒತ್ತುತ್ತಿದ್ದರು, ಮತ್ತೊಂದು ಒಟಿಪಿ. ಒಂದಕ್ಕೆ ಇಪ್ಪತ್ತು ಪೈಸೆ ಚಿಲ್ಲರೆ. ತಿಂಗಳಿಗೆ ಸಾವಿರ, ಸಾವಿರದ ಇನ್ನೂರು ರೂಪಾಯಿ ಹೀಗೇ ಸುಮ್ನೆ ಹೋಗುತ್ತಿತ್ತು. ಉಳಿದವರು ಆಫೀಸಿಗೆ ಫೋನ್ ಮಾಡುತ್ತಿದ್ದರು. ಆಫೀಸಿನವರು ನನಗೆ.

ಮೊದಲು, ಯಾವ ಪುಟದಿಂದ ಬಂದರು ಅಂತ ಬ್ರೌಸರ್ ಹೇಳುವ ರೆಫರರ್ ಹೆಡರ್ ನಂಬಿದೆ. ಎಸ್‌ಎಂಎಸ್‌ನಿಂದ ಬಂದವರಿಗೆ ಅದು ಖಾಲಿ. ಒಂದು ದಿನ ದಂಡ. ಆಮೇಲೆ ಸೆಷನ್‌ನಲ್ಲಿ 'ಕೊನೇ ಪುಟ' ಅಂತ ಬರೆದಿಟ್ಟೆ. ನನ್ನ ಮೊಬೈಲಲ್ಲಿ ಚೆನ್ನಾಗಿತ್ತು. ಸಂಘದಲ್ಲಿ ನೋಡಿದರೆ ಲಾಗಿನ್ ಆದ ಕೂಡಲೇ ಬಿಳಿ ಪರದೆ, ಮೂಲೆಯಲ್ಲಿ ಎರಡು ಆವರಣದ ನಡುವೆ 3 ಅನ್ನೋ ಅಂಕಿ. ನೋಟಿಫಿಕೇಶನ್ ಎಣಿಸಲು ನಿಮಿಷಕ್ಕೊಮ್ಮೆ ಹಿಂದಿನಿಂದ ಹೋಗುವ ರಿಕ್ವೆಸ್ಟೇ 'ಕೊನೇ ಪುಟ' ಆಗಿಬಿಟ್ಟಿತ್ತು! ಅಂಥ ರಿಕ್ವೆಸ್ಟ್‌ಗಳಿಗೆ ಲಾಗಿನ್ ಪುಟ ತೋರಿಸದೆ ಬರೀ 401 (ಲಾಗಿನ್ ಆಗಿಲ್ಲ ಅನ್ನೋ ಉತ್ತರ) ಕೊಡಬೇಕು. ಈಗ ಗೊತ್ತು, ಆಗ ಎರಡು ರಾತ್ರಿ ಕೂತಿದ್ದೆ.

ಮೂರನೆಯದು ಎಲ್ಲರೂ ಮಾಡೋದೇ, ಲಾಗಿನ್ ವಿಳಾಸದ ಬಾಲಕ್ಕೆ ವಾಪಸ್ ಹೋಗಬೇಕಾದ ಪುಟವನ್ನು 'ನೆಕ್ಸ್ಟ್' ಅಂತ ಕಟ್ಟೋದು. ಎನ್‌ಕೋಡ್ ಮಾಡಲು, ಅಂದರೆ ಅದರಲ್ಲಿನ ವಿಶೇಷ ಗುರುತುಗಳನ್ನು ಸಂಕೇತಕ್ಕೆ ಬದಲಿಸಲು, ಮರೆತೆ. ಬಿಲ್ಲಿನ ಲಿಂಕಿನಲ್ಲಿದ್ದ ವರ್ಷ ಉಳಿಯಿತು, & ಗುರುತಿನ ಆಚೆಯಿದ್ದ ತಿಂಗಳು ಹಾರಿಹೋಯಿತು. ಅದನ್ನು ಸರಿಮಾಡಿ ಬೀಗುತ್ತಿದ್ದಾಗ ಅದೇ ಹುಡುಗ ನೆಕ್ಸ್ಟ್ ಜಾಗದಲ್ಲಿ // ಹಾಕಿ ಬೇರೆ ಸೈಟಿನ ಹೆಸರು ಬರೆದು ಅಲ್ಲಿಗೇ ಕರಕೊಂಡು ಹೋಗಿ ತೋರಿಸಿದ. ತಡೆದೆ. ಮರುದಿನ /\ ಹಾಕಿಕೊಂಡು ಬಂದ. ಪಾರ್ಸ್‌ ಯುಆರ್‌ಎಲ್ (ವಿಳಾಸ ಬಿಡಿಸಿ ನೋಡುವ ಪಿಎಚ್‌ಪಿ ಫಂಕ್ಷನ್) ಅದರಲ್ಲಿ ಹೋಸ್ಟೇ (ಸೈಟಿನ ಹೆಸರೇ) ಇಲ್ಲ ಅನ್ನುತ್ತೆ, ಬ್ರೌಸರ್ ಮಾತ್ರ ಅದನ್ನು // ಅಂತಲೇ ಓದುತ್ತೆ. ಸಂಘದ ಹೆಸರಿನ ಲಿಂಕ್ ಒತ್ತಿದ ಸದಸ್ಯ ಕಳ್ಳನ ಪುಟದಲ್ಲಿ ಬಂದು ಇಳಿದರೆ ಜವಾಬ್ದಾರಿ ಯಾರದು? ಅವತ್ತು ನೆಕ್ಸ್ಟ್ ಕಿತ್ತು ಹಾಕಿದೆ.

ಕೊನೆಗೆ ಹೊಳೆದದ್ದು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್. ಚಪ್ಪಲಿ ಅವರ ಹತ್ತಿರ, ಟೋಕನ್ ನಮ್ಮ ಹತ್ತಿರ. ಕೇಳಿದ ಪುಟದ ವಿಳಾಸವನ್ನು ಸರ್ವರ್‌ನಲ್ಲೇ ಒಂದು ಟೇಬಲ್‌ಗೆ ಹಾಕಿ, ಲಾಗಿನ್ ವಿಳಾಸಕ್ಕೆ ಒಂದು ಚೀಟಿ ಮಾತ್ರ ಕೊಟ್ಟೆ. ಟ್ಯಾಬ್‌ಗೊಂದು ಚೀಟಿ, ಆಯಸ್ಸು ಅರ್ಧ ಗಂಟೆ, ಆ ಬ್ರೌಸರ್‌ನ ಕುಕಿಗೇ (ಸೈಟು ಬ್ರೌಸರ್‌ನಲ್ಲಿ ಇಡುವ ಗುರುತಿಗೇ) ಕಟ್ಟಿದ್ದು. ನಂಬರ್ ಪುಟದಿಂದ ಒಟಿಪಿ ಪುಟಕ್ಕೂ ಅದನ್ನು ದಾಟಿಸಬೇಕು. ನಾನು ಮೊದಲ ಸಲ ಅಲ್ಲೇ ಬೀಳಿಸಿದೆ. ಲಾಗಿನ್ ಆದಾಗ ಸೆಷನ್ ಐಡಿ ಬದಲಿಸಿದರೆ ಸಾಕು. ನಾನು ಶುದ್ಧವಾಗಲಿ ಅಂತ ಇಡೀ ಸೆಷನ್ ಒರೆಸಿದೆ, ಚೀಟಿಯ ಗುರುತೂ ಜೊತೆಗೇ ಹೋಯಿತು.

ಇಷ್ಟಾದರೂ ಒಂದು ತೂತಿತ್ತು. ನಮ್ಮ ಸೈಟಿನ ಹೆಸರಾದ ಮೇಲೆ // ಹಾಕಿ ಬೇರೆ ಸೈಟಿನ ಹೆಸರು ಬರೆದು ಕೇಳಿದರೆ, ಟೇಬಲ್‌ನಲ್ಲಿ ಕೂರುವುದೂ ಅದೇ // ವಿಳಾಸ! ವಾಪಸ್ ಕಳಿಸುವಾಗ ಅದರ ಶುರುವಿಗೆ ನಮ್ಮ ಡೊಮೈನ್ (ಸೈಟಿನ ಹೆಸರು) ಪೂರ್ತಿ ಅಂಟಿಸಿದರೆ ಸರಿಹೋಗುತ್ತೆ. ಇದನ್ನು ಹುಡುಗನಿಗಿಂತ ಮೊದಲು ನಾನೇ ಹಿಡಿದೆ, ಹೇಳಿಕೊಳ್ಳಲೇಬೇಕು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬೇರೆ. ಪಿಎಚ್‌ಪಿ ಸೆಷನ್‌ನ ಡೀಫಾಲ್ಟ್ ಆಯಸ್ಸು 1440 ಸೆಕೆಂಡ್, ಅಂದರೆ 24 ನಿಮಿಷ. ಸಂಘದ ಅಕ್ಕ ಒಬ್ಬರು ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆಬಗೆಯ ಮೂವತ್ತು ನಲವತ್ತು ಲಾಟ್ ತೂಕ ತುಂಬಿ, ಊಟ ಮಾಡಿ ಬಂದು ಸೇವ್ ಒತ್ತಿದರೆ ಲಾಗಿನ್ ಪುಟ. ತುಂಬಿದ್ದೆಲ್ಲ ಹೋಯ್ತು. "ಇನ್ನೊಂದ್ಸಲ ಹೀಗಾದ್ರೆ ನಾನು ಪುಸ್ತಕದಲ್ಲೇ ಬರೀತೀನಿ ಸರ್" ಎಂದಿದ್ದರು. ಈಗ ಫಾರಂನಲ್ಲಿ ತುಂಬಿದ್ದೂ ಚೀಟಿಯ ಜೊತೆ ಕೂರುತ್ತೆ. ಲಾಗಿನ್ ಆದ ಮೇಲೆ ನಾನಾಗಿ ಸೇವ್ ಮಾಡಲ್ಲ. ಫಾರಂ ತುಂಬಿ ತೋರಿಸುತ್ತೇನೆ, ಅವರೇ ಒತ್ತಬೇಕು. ಅದೇ ಕಂಪ್ಯೂಟರಲ್ಲಿ ಬೇರೆಯವರು ಲಾಗಿನ್ ಆದರೆ ಚೀಟಿ ರದ್ದು.

ನಡುವೆ ಇನ್ನೊಂದು ಹುಚ್ಚು. ಲಿಂಕಿನ ಕೊನೆಯ # ಭಾಗ ಸರ್ವರ್‌ಗೆ ಬರುವುದೇ ಇಲ್ಲ, ಆದ್ದರಿಂದ ಬಿಲ್ಲಿನಲ್ಲಿ ಸರಿಯಾದ ಲಾಟ್‌ಗೆ ಇಳಿಸಲು ಆಗಲ್ಲ ಅಂದುಕೊಂಡಿದ್ದೆ. ಒಂದು ಭಾನುವಾರ ಲಾಗಿನ್ ಪುಟದ ವಿಳಾಸ ನೋಡಿದರೆ # ಅಲ್ಲೇ ಕೂತಿದೆ! ರಿಡೈರೆಕ್ಟ್‌ನಲ್ಲಿ ಬ್ರೌಸರ್ ಅದನ್ನು ಜೊತೆಗೇ ತರುತ್ತೆ. ನಾಲ್ಕು ಸಾಲು ಜಾವಾಸ್ಕ್ರಿಪ್ಟ್‌ನಲ್ಲಿ ಅದನ್ನೂ ಚೀಟಿಗೆ ಸೇರಿಸಿದೆ. ನಿರ್ದೇಶಕರದು ಬೇರೆ ತಕರಾರು: ಜಿಮೇಲ್‌ನಿಂದ ಮೀಟಿಂಗ್ ಕಾಗದ ತೆರೆದರೆ, ಲಾಗಿನ್ ಆಗಿದ್ದರೂ ಮತ್ತೆ ಲಾಗಿನ್ ಕೇಳುತ್ತೆ. ಬೇರೆ ಸೈಟಿನಿಂದ ಬಂದಾಗ ಕುಕಿ ಕಳಿಸಬೇಕೋ ಬೇಡವೋ ಅನ್ನೋ 'ಸೇಮ್‌ಸೈಟ್' ನಿಯಮ 'ಸ್ಟ್ರಿಕ್ಟ್' ಇತ್ತು, 'ಲ್ಯಾಕ್ಸ್' ಮಾಡಿದೆ.

ಒಂದು ಟ್ಯಾಬ್‌ನಲ್ಲಿ ಲಾಗಿನ್ ಆದರೆ ಪಕ್ಕದ ಟ್ಯಾಬೂ ತಾನಾಗೇ ತನ್ನ ಪುಟಕ್ಕೆ ಹೋಗುತ್ತೆ. ಅದು ಹೇಗೆ ಅಂತ ಸದ್ಯಕ್ಕೆ ಹೇಳಲ್ಲ, ಇನ್ನೊಬ್ಬ ಗಿರಾಕಿ ಅದಕ್ಕೇ ಕೇಳುತ್ತಿದ್ದಾರೆ.

ಒಟ್ಟು ಹನ್ನೊಂದೋ ಹನ್ನೆರಡೋ ದಿನದ ಕೆಲಸ. ಚೀಟಿಯ ಕೋಡ್ ಮಾತ್ರ ನೋಡಿದರೆ ನೂರೈವತ್ತು ಸಾಲು ದಾಟಲ್ಲ. ಕೇಳಿದ್ದು 25,000, ಕೈಗೆ ಬಂದದ್ದು 15,000. ಉಳಿದದ್ದು 'ಮುಂದಿನ ಮೀಟಿಂಗಲ್ಲಿ ಇಡ್ತೀವಿ' ಅನ್ನೋದರಲ್ಲೇ ಇದೆ.