ಕೈ ಹಿಡಿದು ನಿಂತೆ, ಬಾಯಿ ತೆರೆಯಲಿಲ್ಲ

ನಾನು ಕುಡಿತ ಬಿಟ್ಟದ್ದು 2014ರ ಫೆಬ್ರವರಿಯಲ್ಲಿ. ಅಮೆರಿಕದ ಒಹಾಯೊ ರಾಜ್ಯ, ಕ್ಲೀವ್‌ಲ್ಯಾಂಡ್ ಹತ್ತಿರದ ಒಂದು ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆ. ಅಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಸಭೆ, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ. ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಮಡಚುವ ಕುರ್ಚಿಗಳು, ಕಾಫಿ ಹಂಡೆ, ಗೋಡೆಯ ಮೇಲೆ ಕುಡಿತ ಬಿಡುವ ದಾರಿಯ ಹನ್ನೆರಡು ಹೆಜ್ಜೆಗಳ ಪಟ. ಗುರುತು ಪರಿಚಯ ಇಲ್ಲದ ಜನ ಒಂದು ಗಂಟೆ ಕೂತು ನನ್ನದೇ ಕಥೆ ಹೇಳಿದರು: ಗ್ಯಾರೇಜಿನಲ್ಲಿ ಪೇಂಟ್ ಡಬ್ಬಗಳ ಹಿಂದೆ ವೈನ್ ಪೆಟ್ಟಿಗೆ ಬಚ್ಚಿಡುವುದು, ಮಕ್ಕಳನ್ನು ಮಲಗಿಸಿ ಗಂಡನಿಗೆ ನಿದ್ದೆ ಹತ್ತುವುದನ್ನೇ ಕಾಯುವುದು, ಬೆಳಿಗ್ಗೆ ಬಾಯಿವಾಸನೆ ಮುಚ್ಚುವುದು. ನಾನು ಏಲಕ್ಕಿ ಜಗಿಯುತ್ತಿದ್ದೆ, ಅವರು ಪುದೀನ ಗುಳಿಗೆ. ಅಷ್ಟೇ ವ್ಯತ್ಯಾಸ.

ಕೊನೆಗೆ ಎಲ್ಲರೂ ಎದ್ದು ವೃತ್ತವಾಗಿ ನಿಂತು ಕೈ ಕೈ ಹಿಡಿದರು. ‘ಅವರ್ ಫಾದರ್’ ಎಂಬ ಕ್ರೈಸ್ತರ ಪ್ರಾರ್ಥನೆ ಶುರುವಾಯಿತು. ಆ ಕ್ಷಣ ನನ್ನೊಳಗೆ ಏನೋ ಮುಚ್ಚಿಕೊಂಡಿತು. ಓಹೋ, ಕರೆದದ್ದು ಇದಕ್ಕಾ ಅಂದುಕೊಂಡೆ.

ಆ ಪ್ರಾರ್ಥನೆ ನನಗೆ ಹೊಸದೇನಲ್ಲ. ತುಮಕೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದವಳು ನಾನು. ಹತ್ತು ವರ್ಷ ಬೆಳಗಿನ ಅಸೆಂಬ್ಲಿಯಲ್ಲಿ ಹೇಳಿದ್ದೆ. ಆಗ ಅದು ಶಾಲೆಯ ಗಂಟೆಯ ಹಾಗೆ ದಿನದ ಒಂದು ಭಾಗ, ಯಾರಿಗೂ ಅದರಿಂದ ಏನೂ ಆಗುತ್ತಿರಲಿಲ್ಲ. ಈಗ ಹಾಗಲ್ಲ. ನಮ್ಮದು ಲಿಂಗಾಯತರ ಮನೆ. ಎಂಟನೆಯ ವರ್ಷಕ್ಕೆ ದೀಕ್ಷೆ ಆಗಿ, ಇಲ್ಲಿಗೆ ಬಂದ ಮೇಲೂ ಕೊರಳಲ್ಲಿ ಇಷ್ಟಲಿಂಗ ಇತ್ತು. ಅದು ಎದೆಯ ಮೇಲೆ ಇರುವಾಗ ಲೋಟ ಎತ್ತಲು ಕೈ ಬರುತ್ತಿರಲಿಲ್ಲ. ಲೋಟ ಬಿಡಲಾಗದೆ ಲಿಂಗ ತೆಗೆದು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದೆ. ನನ್ನ ದೇವರನ್ನೇ ಹೀಗೆ ಬಿಟ್ಟು ಬಂದವಳು ಇನ್ನೊಬ್ಬರ ದೇವರನ್ನು ತಂದೆ ಎಂದು ಕರೆಯುವುದು ಕಳ್ಳತನದ ಹಾಗೆ ಅನ್ನಿಸಿತು. ಕೈ ಹಿಡಿದು ನಿಂತೆ, ಬಾಯಿ ತೆರೆಯಲಿಲ್ಲ. ಮೊದಲ ಒಂದು ವರ್ಷ ನಾನು ಮಾಡಿದ್ದು ಇಷ್ಟೇ.

ನನ್ನನ್ನು ಉಳಿಸಿದ್ದು ಪಕ್ಕದಲ್ಲಿ ನಿಲ್ಲುತ್ತಿದ್ದ ಮುದುಕಿ. ಶಾಲಾ ಬಸ್ ಓಡಿಸಿ ನಿವೃತ್ತಿಯಾದವಳು, ಐರಿಷ್ ಮೂಲದ ಕ್ಯಾಥೊಲಿಕ್, ಮೂವತ್ತು ವರ್ಷದಿಂದ ಕುಡಿಯದವಳು. ಆಮೇಲೆ ಅವಳೇ ನನ್ನ ಸ್ಪಾನ್ಸರ್ ಆದಳು, ಅಂದರೆ ಹೊಸಬರ ಕೈ ಹಿಡಿದು ನಡೆಸುವ ಹಳಬಳು. ಕೆಲವು ವಾರ ಕಳೆದ ಮೇಲೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಪ್ರಾರ್ಥನೆಯ ಕೊನೆಯ ಸಾಲಿಗೆ, ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ ಎನ್ನುವ ಮಾತಿಗೆ, ಅವಳು ಬಾಯಿ ಮುಚ್ಚುತ್ತಿದ್ದಳು. ಯಾಕೆ ಎಂದು ಕೇಳಿದೆ. ‘ನಮ್ಮಲ್ಲಿ ಕೇಡಿನಿಂದ ತಪ್ಪಿಸು ಎನ್ನುವಲ್ಲಿಗೇ ಮುಗಿಯುತ್ತದೆ. ಆ ಸಾಲು ಪ್ರಾಟೆಸ್ಟಂಟರದ್ದು. ನಾನು ಸುಮ್ಮನೆ ನಿಂತಿರುತ್ತೇನೆ, ಯಾರಿಗೂ ಏನೂ ಆಗಿಲ್ಲ’ ಅಂದಳು. ಲೂಕನ ಸುವಾರ್ತೆಯಲ್ಲಿ ಆ ಸಾಲು ಇಲ್ಲ, ಮತ್ತಾಯನ ಅತಿ ಹಳೆಯ ಹಸ್ತಪ್ರತಿಗಳಲ್ಲೂ ಇಲ್ಲ ಎಂದು ನಾನು ಓದಿ ತಿಳಿದದ್ದು ಆಮೇಲೆ. ಕ್ರೈಸ್ತರೆಲ್ಲ ಒಂದೇ ಬಾಯಲ್ಲಿ ಹೇಳುತ್ತಿದ್ದಾರೆ, ನಾನೊಬ್ಬಳೇ ಹೊರಗಿನವಳು ಎಂದುಕೊಂಡಿದ್ದೆ. ನನ್ನ ಎಡಗೈ ಹಿಡಿದವಳೇ ಅರ್ಧದಲ್ಲಿ ಮೌನವಾಗುತ್ತಿದ್ದಳು.

ನಾನಿದ್ದ ಊರಿಗೂ ಈ ಪ್ರಶ್ನೆಗೂ ಹಳೆಯ ನಂಟಿದೆ. ಎ.ಎ. ಕಟ್ಟಿದ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ 1935ರಲ್ಲಿ ಸೇರಿದ್ದು ಪಕ್ಕದ ಆಕ್ರನ್ ನಗರದಲ್ಲಿ. ಆಗ ಎ.ಎ. ಎಂಬ ಹೆಸರೇ ಇರಲಿಲ್ಲ. ಕುಡುಕರು ಸೇರುತ್ತಿದ್ದದ್ದು ಫ್ರಾಂಕ್ ಬುಕ್‌ಮನ್ ಎಂಬ ಲೂಥರನ್ ಪಾದ್ರಿ ಕಟ್ಟಿದ ಆಕ್ಸ್‌ಫರ್ಡ್ ಗ್ರೂಪಿನ ಕೂಟಗಳಲ್ಲಿ. ಈ ಪ್ರಾರ್ಥನೆ ಹೇಳಿ ಸಭೆ ಮುಗಿಸುವ ರೂಢಿ ಅಲ್ಲಿಂದ ಬಂದದ್ದು. ಕ್ಲೀವ್‌ಲ್ಯಾಂಡಿನಿಂದ ಅಲ್ಲಿಗೆ ಹೋಗುತ್ತಿದ್ದ ಕ್ಯಾಥೊಲಿಕರಿಗೆ ಅದೇ ಕಷ್ಟವಾಯಿತು. ಬೇರೆ ಪಂಥದ ಧಾರ್ಮಿಕ ಕೂಟಕ್ಕೆ ಹೋಗಲು ಅವರ ಚರ್ಚಿನ ಒಪ್ಪಿಗೆ ಇರಲಿಲ್ಲ. 1939ರ ಮೇ ತಿಂಗಳಲ್ಲಿ ಕ್ಲಾರೆನ್ಸ್ ಸ್ನೈಡರ್ ಎಂಬ ಸದಸ್ಯ ಕ್ಲೀವ್‌ಲ್ಯಾಂಡಿನವರನ್ನು ಕರೆದುಕೊಂಡು ಬೇರೆಯಾದ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಹೆಸರಿಟ್ಟುಕೊಂಡ ಮೊದಲ ಗುಂಪು ಅದು. ಯಾರ ಪ್ರಾರ್ಥನೆ ಎನ್ನುವ ಪ್ರಶ್ನೆ ನನ್ನಂಥವರು ಹೊರದೇಶದಿಂದ ತಂದದ್ದಲ್ಲ. ಹೆಸರಿನ ಜೊತೆಗೇ ಹುಟ್ಟಿದ್ದು ಅದು.

ಅದೇ ವರ್ಷ ಅಚ್ಚಾದ ಅವರ ಪುಸ್ತಕದಲ್ಲೂ ಈ ಜಗ್ಗಾಟದ ಗುರುತು ಉಳಿದಿದೆ. ಜಿಮ್ ಬರ್ವೆಲ್ ಎಂಬ ನಾಸ್ತಿಕ ಸದಸ್ಯ ಪಟ್ಟು ಹಿಡಿದ. ಅವನಂಥವರ ಒತ್ತಾಯಕ್ಕೆ ದೇವರು ಎಂಬ ಪದದ ಪಕ್ಕ ‘ನಾವು ಅರಿತಂತೆ’ ಎಂಬ ಮಾತು ಸೇರಿತು, ಏಳನೆಯ ಹೆಜ್ಜೆಯ ಕರಡಿನಲ್ಲಿದ್ದ ‘ಮಂಡಿಯೂರಿ’ ಎಂಬ ಮಾತು ಹೋಯಿತು. ನಾವು ಅರಿತಂತೆ. ನಾನು ಇದನ್ನು ಕನ್ನಡದಲ್ಲಿ ಮನಸ್ಸಿನಲ್ಲೇ ಹೇಳಿಕೊಂಡ ದಿನ ಬೀರು ತೆರೆದೆ. ಇಷ್ಟಲಿಂಗ ಎಂದರೆ ಅವರವರದ್ದು. ನನ್ನದನ್ನು ಇನ್ನೊಬ್ಬರು ಪೂಜಿಸುವುದಿಲ್ಲ, ಇನ್ನೊಬ್ಬರದ್ದನ್ನು ನಾನು ಮುಟ್ಟುವುದಿಲ್ಲ. ಅಜ್ಜಿ ಹೇಳಿಕೊಟ್ಟದ್ದು ಇದೇ.

ಹಾಗೆಂದು ಪ್ರಾರ್ಥನೆಯೇ ಬೇಡ ಎನ್ನುವವಳಲ್ಲ ನಾನು. ಕುಡಿತ ಬಿಡುವವರು ಯಾರನ್ನಾದರೂ ಬಾಯಿಬಿಟ್ಟು ಕೇಳಲೇಬೇಕು ಎಂದು ನಂಬಿದ್ದೇನೆ. ‘ಬೆಳಿಗ್ಗೆ ಎದ್ದಾಗ ಏನು ಕೇಳುತ್ತೀ?’ ಎಂದು ಸ್ಪಾನ್ಸರ್ ಮೊದಲ ತಿಂಗಳೇ ಕೇಳಿದ್ದಳು. ಏನೂ ಇಲ್ಲ ಅಂದೆ. ‘ಇವತ್ತು ಒಂದು ದಿನ ಅಂತ ಕೇಳು. ಯಾರನ್ನು ಅನ್ನುವುದು ಆಮೇಲೆ.’ ನಾನು ಹಾಗೇ ಶುರು ಮಾಡಿದೆ, ಅಡುಗೆಮನೆಯ ಸಿಂಕಿನ ಮುಂದೆ, ಹಾಲು ಕಾಯುವಷ್ಟು ಹೊತ್ತು. ಲಿಂಗ ಹೊರಗೆ ತೆಗೆದ ಮೇಲೆ ಅದು ಎಡಗೈ ಅಂಗೈ ಮೇಲೆ ಬಂತು. ಕೈ ನಡುಗುತ್ತಿದ್ದ ದಿನಗಳಲ್ಲಿ ಬೀಳದ ಹಾಗೆ ಬಲಗೈಯನ್ನು ಅಡಿಗೆ ಒತ್ತು ಕೊಟ್ಟು ಹಿಡಿಯುತ್ತಿದ್ದೆ. ಹನ್ನೊಂದನೆಯ ಹೆಜ್ಜೆ ಹೇಳುವುದು ದೈವದ ಇಚ್ಛೆ ತಿಳಿಯಲಿ, ಅದನ್ನು ನಡೆಸುವ ಬಲ ಬರಲಿ ಎಂದಷ್ಟೇ ಕೇಳಲು. ಗಂಡ ಕ್ಷಮಿಸಲಿ, ಕೆಲಸ ಉಳಿಯಲಿ ಎಂದು ಕೇಳುತ್ತಿದ್ದ ನನಗೆ ಅದಕ್ಕೆ ಬರಲು ಎರಡು ವರ್ಷ ಹಿಡಿಯಿತು.

ಮೂರನೆಯ ವರ್ಷ ಗುರುವಾರದ ಸಭೆ ನಡೆಸುವ ಜವಾಬ್ದಾರಿ ನನಗೆ ಬಂತು. ಆಗಲೇ ಚೀಟಿಗಳ ಕಷ್ಟ ಕಣ್ಣಿಗೆ ಬಿದ್ದದ್ದು. ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದವರು ಸಭೆಗೆ ಬಂದದ್ದಕ್ಕೆ ಸಾಕ್ಷಿಯಾಗಿ ನ್ಯಾಯಾಲಯದ ಚೀಟಿ ತರುತ್ತಾರೆ, ನಾವು ಸಹಿ ಹಾಕುತ್ತೇವೆ. ದೇವರ ಹೆಸರಿನ ಇಂಥ ಸಭೆಗೆ ಸರ್ಕಾರ ಕೈದಿಯನ್ನು ಬಲವಂತವಾಗಿ ಕಳಿಸುವಂತಿಲ್ಲ ಎಂದು 1996ರಲ್ಲೇ ವಿಸ್ಕಾನ್ಸಿನ್‌ನ ಒಂದು ಮೊಕದ್ದಮೆಯಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಆದರೆ ಚೀಟಿ ಹಿಡಿದು ನಿಂತ ಹುಡುಗನಿಗೆ ಅದೆಲ್ಲ ಗೊತ್ತಿರುವುದಿಲ್ಲ. ಪ್ರಾರ್ಥನೆ ಹೇಳದಿದ್ದರೆ ಸಹಿ ಸಿಗುವುದಿಲ್ಲವೇನೋ ಎಂಬ ಭಯ ಅವನ ಮುಖದಲ್ಲಿ ಇರುತ್ತದೆ. ಒಬ್ಬ ತೆಲುಗು ಹುಡುಗ ವೃತ್ತ ಕಟ್ಟುವ ಹೊತ್ತಿಗೆ ಕೋಟು ಎತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ. ಬೇರೆ ಕಾರಣವೂ ಇರಬಹುದು. ಆದರೆ ಅವನು ಆ ವೃತ್ತವನ್ನು ನೋಡಿದ ರೀತಿ ನನಗೆ ಪರಿಚಯದ್ದು.

ಗುಂಪಿನ ಅಭಿಪ್ರಾಯ ಕೇಳುವ ಸಭೆಯಲ್ಲಿ ನಾನು ವಿಷಯ ಎತ್ತಿದೆ. ಈ ಪ್ರಾರ್ಥನೆಯ ಬದಲು ಸಮಾಧಾನದ ಪ್ರಾರ್ಥನೆಯಿಂದ ಮುಗಿಸೋಣ ಅಂದೆ. ‘ದೇವರೇ, ಬದಲಾಯಿಸಲಾಗದ್ದನ್ನು ಒಪ್ಪಿಕೊಳ್ಳುವ ಸಮಾಧಾನ ಕೊಡು, ಬದಲಾಯಿಸಬಹುದಾದ್ದನ್ನು ಬದಲಾಯಿಸುವ ಧೈರ್ಯ ಕೊಡು, ಇವೆರಡರ ವ್ಯತ್ಯಾಸ ತಿಳಿಯುವ ವಿವೇಕ ಕೊಡು’ ಎನ್ನುತ್ತದಲ್ಲ, ಅದು. ಅದೂ ರೈನ್‌ಹೋಲ್ಡ್ ನೀಬೂರ್ ಎಂಬ ಕ್ರೈಸ್ತ ಚಿಂತಕರದ್ದೇ. 1940ರ ದಶಕದ ಆರಂಭದಲ್ಲಿ ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತಿನಲ್ಲಿ ಕಂಡು ಎ.ಎ.ಯವರು ಎತ್ತಿಕೊಂಡದ್ದು. ಆದರೆ ಅದರ ಮಾತಿನಲ್ಲಿ ಯಾರಿಗೂ ಬಾಗಿಲು ಮುಚ್ಚುವುದಿಲ್ಲ.

ಆಗ ಎದ್ದವನು ಉಕ್ಕಿನ ಕಾರ್ಖಾನೆಯಲ್ಲಿ ದುಡಿದಿದ್ದ ಮುದುಕ. ಆಸ್ಪತ್ರೆಯಲ್ಲಿ ಸನ್ನಿ ಹಿಡಿದು ಮಲಗಿದ್ದಾಗ ಮೂರು ದಿನ ತನ್ನ ಹೆಸರೂ ನೆನಪಿರಲಿಲ್ಲ, ತಾಯಿ ಕಲಿಸಿದ್ದ ಈ ಪ್ರಾರ್ಥನೆ ಒಂದೇ ಬಾಯಿಗೆ ಬರುತ್ತಿತ್ತು ಎಂದ. ‘ಅದನ್ನು ತೆಗೆದರೆ ನಾನು ಎಲ್ಲಿ ಹೇಳಲಿ? ನಾನು ಚರ್ಚಿಗೆ ಹೋಗುವುದಿಲ್ಲ. ನನ್ನ ಚರ್ಚು ಈ ನೆಲಮಾಳಿಗೆಯೇ.’

ನನಗೆ ಉತ್ತರ ಬರಲಿಲ್ಲ. ಇವತ್ತಿಗೂ ಇಲ್ಲ. ಕೈ ಎತ್ತಿಸಿದಾಗ ಉಳಿಸಬೇಕು ಎಂದವರು ಹದಿನಾಲ್ಕು ಜನ, ನನ್ನ ಕಡೆ ಒಂಬತ್ತು. ನಾನು ಸೋತೆ. ಮಾರನೆಯ ವಾರ ಸಭೆಗೆ ಹೋಗಲು ಮನಸ್ಸಿರಲಿಲ್ಲ. ಸ್ಪಾನ್ಸರ್ ಕಾರು ತಂದು ಮನೆ ಮುಂದೆ ನಿಲ್ಲಿಸಿದಳು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಸಭೆ ನಡೆಸುವವರು ಯಾವ ಪ್ರಾರ್ಥನೆ ಎಂದು ಆರಿಸಬಹುದು, ಮತ್ತು ಅದಕ್ಕೆ ಮೊದಲು ಒಂದು ಮಾತು ಹೇಳಲೇಬೇಕು. ‘ಇಲ್ಲಿ ಸೇರಲು ಬೇಕಾದದ್ದು ಕುಡಿತ ಬಿಡುವ ಆಸೆ ಒಂದೇ. ಇಷ್ಟವಿದ್ದವರು ಪ್ರಾರ್ಥನೆ ಹೇಳಿ, ಇಲ್ಲದವರು ಸುಮ್ಮನೆ ನಮ್ಮ ಜೊತೆ ನಿಲ್ಲಿ.’ ಮೊದಲ ವಾಕ್ಯ ಎ.ಎ. ಗುಂಪುಗಳು ನಡೆಯುವ ರೀತಿ ಹೇಳುವ ಸಂಪ್ರದಾಯಗಳಲ್ಲಿ ಮೂರನೆಯದ್ದು, ಎರಡನೆಯದು ಮುದುಕ ಬರೆದದ್ದು. ನಾನು ನಡೆಸುವ ದಿನ ಸಮಾಧಾನದ ಪ್ರಾರ್ಥನೆ. ಅವನು ನಡೆಸುವ ದಿನ ಅವನ ತಾಯಿಯ ಪ್ರಾರ್ಥನೆ.

ಊರಿನ ಕಡೆ ನೋಡಿದರೆ ಇದೇ ಪ್ರಶ್ನೆ ತಿರುವುಮುರುವಾಗಿ ಕಾಣುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದ ನಮ್ಮ ಚಿಕ್ಕಪ್ಪ ಈಗ ಊರಿನ ನವಜೀವನ ಸಮಿತಿಯಲ್ಲಿದ್ದಾನೆ. ಶಿಬಿರದ ಭಜನೆಯಲ್ಲೇ ತನ್ನ ಎದೆ ಕರಗಿತು ಅನ್ನುತ್ತಾನೆ. ಕೇಳಿ ಕಣ್ಣು ತುಂಬಿತು. ಅಂಥ ಭಜನೆಗೆ ಕೂರುವ ಒಬ್ಬ ಕ್ರೈಸ್ತನೋ ಮುಸಲ್ಮಾನನೋ ಬಾಯಿ ಮುಚ್ಚಿ ತಾಳಕ್ಕೆ ಕೈ ತಟ್ಟಿದರೆ, ಅವನ ಪಕ್ಕ ಕೂತವರು ನನ್ನ ಸ್ಪಾನ್ಸರಿನಂಥವರಾಗಿರಲಿ ಎಂದು ಬಯಸುತ್ತೇನೆ. ಚಿಕ್ಕಪ್ಪನಿಗೂ ಇದನ್ನೇ ಹೇಳಿದೆ.

ಸ್ಪಾನ್ಸರ್ ತೀರಿಕೊಂಡದ್ದು 2021ರಲ್ಲಿ. ಅಂತ್ಯಕ್ರಿಯೆಯ ಪೂಜೆಯಲ್ಲಿ ಆ ಪ್ರಾರ್ಥನೆ ಬಂತು. ಅವತ್ತು ನಾನು ಬಾಯಿ ತೆರೆದೆ, ತುಮಕೂರಿನ ಶಾಲೆಯಲ್ಲಿ ಹೇಳುತ್ತಿದ್ದ ಅದೇ ರಾಗದಲ್ಲಿ. ‘ಕೇಡಿನಿಂದ ತಪ್ಪಿಸು’ ಎನ್ನುವಲ್ಲಿಗೆ ನಿಲ್ಲಿಸಿದೆ.