ಒಂದು ಫಾಫ್ಸಾ ಅರ್ಜಿ ಹನ್ನೊಂದು ಕಾಲೇಜುಗಳಿಗೆ: ನನ್ನ ಅನುಭವ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಮಗಳು 2025ರಲ್ಲಿ ಕಾಲೇಜು ಸೇರುವವಳಿದ್ದಳು. ಅವಳು ಪ್ರವೇಶ ಕೋರಿದ್ದ ಹನ್ನೊಂದು ಕಾಲೇಜುಗಳಿಗೂ ಹಣಕಾಸಿನ ನೆರವಿಗೆ ಬೇರೆ ಬೇರೆ ಅರ್ಜಿ ತುಂಬಬೇಕೆಂದು ನಾನು ಹೆದರಿದ್ದೆ. ಹಾಗೇನಿಲ್ಲ, ಫೆಡರಲ್ ಸರ್ಕಾರದ ಫಾಫ್ಸಾ ಅರ್ಜಿ ಒಂದೇ, ಶುಲ್ಕವಿಲ್ಲ, ಆನ್‌ಲೈನಿನಲ್ಲಿ ತುಂಬಿದರೆ ಅದರಲ್ಲಿ 20 ಕಾಲೇಜುಗಳವರೆಗೆ ಸೇರಿಸಬಹುದು. ಎಚ್-4 ವೀಸಾದಲ್ಲಿರುವ (ಅಂದರೆ ಎಚ್-1ಬಿ ಕೆಲಸದ ವೀಸಾದವರ ಅವಲಂಬಿತರಾಗಿ ಬಂದಿರುವ) ಮಕ್ಕಳಿಗೆ ಈ ನೆರವು ಸಿಗುವುದಿಲ್ಲ. ಮಗಳು ಇಲ್ಲಿಯೇ ಹುಟ್ಟಿದವಳಾದ್ದರಿಂದ ನಮಗೆ ಆ ತೊಡಕಿರಲಿಲ್ಲ.

ಮೊದಲು ಫಾಫ್ಸಾ ತುಂಬಲು ಅವಳಿಗೂ ನನಗೂ ಪ್ರತ್ಯೇಕ ಆನ್‌ಲೈನ್ ಖಾತೆ ಮಾಡಿಕೊಂಡೆವು. ನಾನೂ ನಮ್ಮ ಯಜಮಾನರೂ ಜಂಟಿಯಾಗಿ ತೆರಿಗೆ ಸಲ್ಲಿಸುವುದರಿಂದ ನಮ್ಮಲ್ಲೊಬ್ಬರ ಖಾತೆ ಸಾಕಾಯಿತು. ಆದರೆ ನನ್ನ ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ (ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆಯ ಕಾರ್ಡು) ಕೊನೆಯ ಹೆಸರಾಗಿ ಅಪ್ಪನ ಹೆಸರಿದೆ, ಉಳಿದ ಕಡೆ ಗಂಡನ ಮನೆತನದ್ದು. ಕಾರ್ಡಿನಲ್ಲಿರುವಂತೆ ಅಕ್ಷರಶಃ ತಿದ್ದಿ ಬರೆಯುವವರೆಗೆ ತಾಳೆಯಾಗದೆ ಮೂರು ದಿನ ಹಾಳಾಯಿತು. 2023ರ ತೆರಿಗೆ ವಿವರ, ನಾವು ಒಪ್ಪಿಗೆ ಕೊಟ್ಟ ಮೇಲೆ, ತೆರಿಗೆ ಇಲಾಖೆಯಿಂದ ನೇರವಾಗಿ ಬಂದಿತು.

ನಾನು ನಿಂತುಬಿಟ್ಟದ್ದು ಆಸ್ತಿಯ ಪ್ರಶ್ನೆಯ ಮುಂದೆ. ನಾವು ವಾಸವಿರುವ ಮನೆಯನ್ನಾಗಲಿ 401ಕೆ ನಿವೃತ್ತಿ ನಿಧಿಯನ್ನಾಗಲಿ ಫಾಫ್ಸಾ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಮೈಸೂರಿನಲ್ಲಿ ನನ್ನ ಮತ್ತು ತಮ್ಮನ ಹೆಸರಿನಲ್ಲಿರುವ ಮೂವತ್ತು-ನಲವತ್ತರ ಸೈಟು ಹೂಡಿಕೆಯಾಗುತ್ತದೆ. ಊರಿನ ಆಸ್ತಿ ಇವರಿಗೆ ಹೇಗೆ ಗೊತ್ತಾಗುತ್ತದೆ ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಸಹಿ ಹಾಕುವ ಕಡೆ ಸುಳ್ಳು ಬರೆಯುವ ಧೈರ್ಯ ನನಗಿಲ್ಲ. ತಮ್ಮನಿಗೆ ಫೋನ್ ಮಾಡಿ, ಪಕ್ಕದ ಸೈಟು ಎಷ್ಟಕ್ಕೆ ಹೋಯಿತೆಂದು ಕೇಳಿ, ನನ್ನ ಅರ್ಧ ಪಾಲನ್ನು ಆ ದಿನದ ದರದಲ್ಲಿ ಡಾಲರಿಗೆ ಪರಿವರ್ತಿಸಿ ಬರೆದೆ.

ಕಾಲೇಜುಗಳ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಆರು ಸ್ಥಾನಗಳ ಕೋಡ್ ಇರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರವೇಶದ ಅರ್ಜಿ ಎಲ್ಲ ಕ್ಯಾಂಪಸ್‌ಗಳಿಗೂ ಒಂದೇ ಆದ್ದರಿಂದ, ಬರ್ಕ್ಲಿ ಕ್ಯಾಂಪಸ್ಸನ್ನು ಸೇರಿಸಿದರೆ ಲಾಸ್ ಏಂಜಲೀಸಿನ ಯುಸಿಎಲ್‌ಎ ಮೊದಲಾದ ಉಳಿದವೂ ಬಂದಂತೆ ಎಂದುಕೊಂಡಿದ್ದೆ. "ಅಮ್ಮ, ಬರ್ಕ್ಲಿಗೆ 001312, ಯುಸಿಎಲ್‌ಎಗೆ 001315, ಬೇರೆ ಬೇರೆ ಇದೆ ನೋಡು" ಎಂದು ಮಗಳು ತೋರಿಸಿದಳು. ನಾವು ಬೇರೆ ಯಾವ ಕಾಲೇಜುಗಳಿಗೆ ಕಳಿಸಿದ್ದೇವೆಂಬುದು ಒಂದು ಕಾಲೇಜಿಗೂ ಕಾಣುವುದಿಲ್ಲ. ಹೀಗಾಗಿ ಅವಳಿಗೆ ಇಷ್ಟವಾದದ್ದನ್ನು ಮೊದಲು ಬರೆಯಬೇಕೇ ಎಂಬ ನಮ್ಮ ಮನೆಯ ಚರ್ಚೆ ವ್ಯರ್ಥವೇ ಆಗಿತ್ತು. ಆದರೆ ಕೆಲವು ರಾಜ್ಯಗಳು ತಮ್ಮ ಅನುದಾನಕ್ಕೆ ಈ ಕ್ರಮವನ್ನು ನೋಡುತ್ತವೆ.

ಪಟ್ಟಿಯಲ್ಲಿದ್ದ ನಾಲ್ಕು ಖಾಸಗಿ ಕಾಲೇಜುಗಳು ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ನೆರವಿನ ಅರ್ಜಿಯನ್ನೂ ಕೇಳಿದವು. ಅದಕ್ಕೆ ಮೊದಲ ಕಾಲೇಜಿಗೆ 25 ಡಾಲರ್, ಮುಂದಿನ ಒಂದೊಂದಕ್ಕೂ 16, ಒಟ್ಟು 73 ಡಾಲರ್ ಆಯಿತು. ಫಾಫ್ಸಾ ಬಿಟ್ಟ ವಾಸದ ಮನೆಯ ಬೆಲೆಯನ್ನೂ ಅದು ಬಿಡಲಿಲ್ಲ.

ಅರ್ಜಿ ಹೋಗಿದೆಯೆಂದು ಸುಮ್ಮನಿರದೆ ಹನ್ನೊಂದು ಕಾಲೇಜುಗಳ ಪೋರ್ಟಲನ್ನೂ ವಾರಕ್ಕೊಮ್ಮೆ ತೆರೆದು ನೋಡುತ್ತಿದ್ದೆವು. ಒಂದು ಕಡೆ ಮಾತ್ರ ಫಾಫ್ಸಾ ಬಂದಿಲ್ಲವೆಂದೇ ತೋರಿಸುತ್ತಿತ್ತು. ಫೋನ್ ಮಾಡಿದಾಗ ಕಾರಣ ತಿಳಿಯಿತು: ಮಗಳು ಅಲ್ಲಿನ ಪ್ರವೇಶದ ಅರ್ಜಿಯಲ್ಲಿ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ಖಾಲಿ ಬಿಟ್ಟಿದ್ದಳು, ಹೀಗಾಗಿ ಬಂದಿದ್ದ ಫಾಫ್ಸಾ ಯಾರದೆಂದು ಅವರಿಗೆ ಹೊಂದಿಸಲಾಗಿರಲಿಲ್ಲ. ಸಂಖ್ಯೆ ತುಂಬಿದ ನಾಲ್ಕನೆಯ ದಿನ ಆ ಸಾಲಿನ ಮುಂದೆಯೂ ಹಸಿರು ಗುರುತು ಬಿದ್ದಿತು.